ಕೂಲಿ

ಕುಂಬಳೆಯ ಹಳಿಯ ಮೇಲೆ ಯಾರಾದರೂ ಸತ್ತು
ಹೆಸರು ಸಿಗದಿದ್ದರೆ
ನಾನು ಇಬ್ಬರಿಗೆ ಫೋನು ಮಾಡುತ್ತೇನೆ.

ಮೂಸಕುಞಿ ಬರುತ್ತಾರೆ, ಮೀನಿನ ಟೆಂಪೋ ತೊಳೆದು.
ಐತಪ್ಪ ಶೆಟ್ಟಿಗಾರರು ಬರುತ್ತಾರೆ,
ಬೀಡಿಯ ತಡ್ಪೆಯನ್ನು ಹೆಂಡತಿಯ ಮಡಿಲಿಗೆ ದಾಟಿಸಿ.
ಒಬ್ಬರು ಹೆಗಲು ಹಿಡಿದರೆ ಒಬ್ಬರು ಕಾಲು.

"ಇದಕ್ಕೆ ಕೂಲಿ ಮೇಲಿದೆ" ಅನ್ನುತ್ತಾರೆ ಮೂಸಕುಞಿ.
"ಮೇಲೆ ಯಾರಿದ್ದಾರೆ ಮಾರಾಯ,
ಸಾವಿರ ಬೀಡಿಗೆ ಇಷ್ಟು ಅಂತ ಒಪ್ಪಿದವನೇ
ಸರಿಯಾಗಿ ಕೊಡುವುದಿಲ್ಲ, ಇನ್ನು ಅವನು!"
ಇಪ್ಪತ್ತು ವರ್ಷದಿಂದ ಇದೇ ಮಾತು,
ಸ್ಟ್ರೆಚರ್ ಮಾತ್ರ ಎರಡು ಸಲ ಬದಲಾಗಿದೆ.

ಠಾಣೆಯ ರೈಟರ್ ನಾನು. ತೂಕ ಹಾಕುವ ಚಟ.
ಕೂಲಿಯ ಆಸೆಯಿಂದ ಎತ್ತಿದ ಹೆಣ ಹಗುರವೋ?
ಏನೂ ಸಿಗದೆಂದು ಗೊತ್ತಿದ್ದೂ ಎತ್ತಿದ್ದು ದೊಡ್ಡದೋ?
ಮಹಜರಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಮೊನ್ನೆ ಒಬ್ಬ ಹುಡುಗ. ಹದಿನೇಳಿರಬಹುದು.
ಜೇಬಲ್ಲಿ ಒಂದು ಹಸಿರು ಬಾಚಣಿಗೆ, ಅಷ್ಟೆ.
ಮೂಸಕುಞಿಗೆ ಪ್ರಾರ್ಥನೆ ಅರ್ಧಕ್ಕೇ ಮರೆಯಿತು.
ಬಾಯಿ ತೆರೆದು, ಮುಚ್ಚಿ,
"ಇವನ ವಯಸ್ಸು ನಿನಗೆ ಕಾಣಲಿಲ್ಲವಾ?"
ಎಂದು ಆಕಾಶವನ್ನೇ ಬೈದರು,
ಅಂದಿನ ಕೂಲಿ ಹೋದರೆ ಹೋಗಲಿ ಎಂಬ ಹಾಗೆ.

ಐತಪ್ಪರು ಜಲ್ಲಿಯ ಮೇಲೆ ಕುಕ್ಕರುಗಾಲಲ್ಲಿ ಕೂತು
ರೆಪ್ಪೆಯ ಇರುವೆಗಳನ್ನು ಒಂದೊಂದೇ ತೆಗೆದರು.
ಆ ಬಾಚಣಿಗೆಯಿಂದಲೇ ತಲೆ ಬಾಚಿದರು.
ಕಿವಿಯ ಹತ್ತಿರ ಬಾಗಿ
"ಆಯ್ತು ಮಗಾ, ಇನ್ನು ಒರಗು" ಅಂದರು.

ಯಾರಿಗೆ?
ನಾನು ಕೇಳಲಿಲ್ಲ.

ಹಿಂದಿರುಗುವಾಗ ಟೆಂಪೋದಲ್ಲಿ ಮತ್ತೆ ಅದೇ ಜಗಳ.
ನಡುವೆ ನಾನು, ಮಡಿಲಲ್ಲಿ ಬಾಚಣಿಗೆಯ ಕವರು.
'ವಾರಸುದಾರರು' ಎಂಬಲ್ಲಿ
ಪೆನ್ನು ಇನ್ನೂ ನಿಂತೇ ಇದೆ.