ದೇಶ ಬಿಡದೆ

ಶಾರ್ಜಾ, ರೋಲಾದ ಹಿಂದಿನ ಗಲ್ಲಿ. ರಾತ್ರಿ ಹತ್ತೂವರೆ.
ಟೈಪಿಂಗ್ ಸೆಂಟರಿನ ಶಟರು ಮೊಣಕಾಲ ತನಕ ಇಳಿದಿದೆ,
ಕೆಳಗಿನ ಸಂದಿಯಲ್ಲಿ ಹಾದುಹೋಗುವ ಚಪ್ಪಲಿಗಳಷ್ಟೇ ಕಾಣುತ್ತವೆ.
ಏಸಿಯ ನೀರು ಪೇಂಟಿನ ಡಬ್ಬಿಗೆ ಬೀಳುತ್ತಿದೆ.
ನಾಲ್ಕು ಹನಿಗೊಮ್ಮೆ ಇದಿನಬ್ಬ ಕೇಳುತ್ತಾರೆ:
"ಒಳಗಿದ್ದದ್ದು ಎಂತದೂ ಹೋಗುದಿಲ್ಲ ಅಲ್ಲವಾ?"

ಹೋಗುವುದಿಲ್ಲ ಅಂದೆ.
ನಾಲ್ಕು ಟಿಬಿಯ ಹೊಸ ಡಿಸ್ಕು ಇನ್ನೂ ಪೆಟ್ಟಿಗೆಯಲ್ಲೇ ಇದೆ.
ಇದೋ ಹಳೇ ಕ್ರಮದಲ್ಲಿ ಏಳುವ ಯಂತ್ರ,
ಎರಡರಾಚೆ ಎಣಿಸಲು ಬಾರದು.
ಮೊದಲು ಏಳುವುದನ್ನು ಕಲಿಸಬೇಕು, ಆಮೇಲೆ ಜಾಗ.
ಹಿಂದೆಲ್ಲ ಪೂರ್ತಿ ಅಳಿಸಿ ಹೊಸದಾಗಿ ತುಂಬುತ್ತಿದ್ದೆವು,
ಈಗ ಇದ್ದಲ್ಲೇ ಆಗುತ್ತದೆ.

"ಇದ್ದಲ್ಲೇ!" ನಕ್ಕರು. "ನಾನು ಕಿಶ್‌ಗೆ ಹೋಗಿದ್ದೆ ಮಾರಾಯ."
ವಿಸಿಟ್ ಕಳೆದು ಕೆಲಸದ ವೀಸಾ ಬರಲು
ದೇಶ ಬಿಟ್ಟು ಆ ದ್ವೀಪದಲ್ಲಿ ಮೂವತ್ತೆಂಟು ದಿನ,
ಕೋಣೆಗೆ ಒಂಬತ್ತು ಮಂದಿ, ಕುಬ್ಬೂಸು, ಮೊಟ್ಟೆ,
ಕೆಳಗೆ ಫ್ಯಾಕ್ಸ್ ಗೊರಗುಟ್ಟಿದರೆ ಒಂಬತ್ತು ತಲೆಯೂ ಮೇಲೆ.
ಈಗ ಅದಕ್ಕೆ ಇವರೇ ಒಂದು ಚೌಕದಲ್ಲಿ ಟಿಕ್ ಹಾಕುತ್ತಾರೆ;
ಶುಲ್ಕ ಕಟ್ಟಿದವ ಕುರ್ಚಿ ಬಿಟ್ಟು ಏಳುವುದೂ ಬೇಡ.

ಸಾಧ್ಯವೇ ನೋಡು ಎಂದು ಆಜ್ಞೆ ಬರೆದು ಎಂಟರ್ ಒತ್ತಿದೆ.
ಸಾಧ್ಯವಿಲ್ಲ ಅಂತು.
ಡಿಸ್ಕಿಗೆ ನಾಲ್ಕೇ ಪಾಲು, ನಾಲ್ಕಕ್ಕೂ ಒಡೆಯರಿದ್ದಾರೆ,
ಹೊಸ ಬಾಗಿಲಿಡಲು ಒಂದು ತೆರವಾಗಬೇಕು.
ನಾಲ್ಕನೆಯದರ ಹೆಸರು "ಬಾಕಿ".
ಅಳಿಸಲೇ?

ಅರವತ್ತೊಂದು ಫೈಲು.
ಅರ್ಜಿ ಟೈಪು ಮಾಡಿಸಿ, ಮುಂಗಡ ಕೊಟ್ಟು, ಮತ್ತೆ ಬಾರದವರು.
ಕೊಮಿಲ್ಲಾದ ಒಬ್ಬ ಬಡಗಿ.
ಸಿಯಾಲ್‌ಕೋಟಿನ ಅಣ್ಣ ತಮ್ಮ, ಇಬ್ಬರಿಗೂ ತಪ್ಪಿ ಅಣ್ಣನದೇ ಫೋಟೋ.
ಗಂಗೊಳ್ಳಿಯ ಅಡುಗೆಯವ, ಹುಟ್ಟಿದ ತಾರೀಕು ಕೇಳಿದ್ದಕ್ಕೆ
ಊರಿಗೆ ಫೋನು ಮಾಡಿ ಬರುತ್ತೇನೆಂದು ಎದ್ದು ಹೋದವ.
"ಅವನ ಇಪ್ಪತ್ತು ದಿರ್ಹಂ ನನ್ನ ಹತ್ತಿರ ಉಂಟು.
ಅಮಾನತ್ತು. ಮುಟ್ಟಬೇಡ."

ಮುಟ್ಟದೆ ಹೇಗೆ? ಎತ್ತಿ ಸಿ ಡ್ರೈವಿನ ಮೂಲೆಯಲ್ಲಿಟ್ಟೆ,
ಪೆನ್‌ಡ್ರೈವಿಗೂ ಒಂದು ಪ್ರತಿ.
ಒಂದೊಂದನ್ನೂ ತೆರೆದು ಮುಖ ನೋಡಿದರು,
ತಮ್ಮನ ಅರ್ಜಿಯಲ್ಲಿ ತುಸು ಹೆಚ್ಚು ಹೊತ್ತು.
ಹೂಂ ಅನ್ನುವಾಗ ಹನ್ನೆರಡು ದಾಟಿತ್ತು.

ಪರಿವರ್ತನೆಗೆ ಸುಲೈಮಾನಿ ಆರುವಷ್ಟೂ ಹೊತ್ತು ಹಿಡಿಯಲಿಲ್ಲ.
ಮತ್ತೆ ಶುರು ಮಾಡಿದರೆ
ಕಪ್ಪು. ಮೇಲ್ಮೂಲೆಯಲ್ಲಿ ಮಿಣುಕುವ ಒಂದು ಗೆರೆ.
ಬೂಟ್ ಮಾಡಲು ಏನೂ ಇಲ್ಲವಂತೆ.
ಇದಿನಬ್ಬ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.
ಹೀಗಾಗುತ್ತದೆಂದು ಗೊತ್ತಿದ್ದ ನನಗೂ ಬೆನ್ನು ಬೆವರಿತು.
ಎಲ್ಲ ಒಳಗೇ ಇದೆ; ಕರೆಯಲು ಬಂದವನು ಮಾತ್ರ
ಇಲ್ಲದ ಬಾಗಿಲನ್ನು ತಟ್ಟುತ್ತಿದ್ದಾನೆ.
ಡಿಲೀಟ್ ಕೀಲಿ ಒತ್ತುತ್ತಾ ಒತ್ತುತ್ತಾ ನೀಲಿ ಪಟ್ಟಿಗೆ ಇಳಿದೆ.
ಲೆಗಸಿ ಇದ್ದಲ್ಲಿ ಯುಇಎಫ್‌ಐ. ಉಳಿಸು. ಹೌದು.

ನಾಲ್ಕು ನೀಲಿ ಕಿಟಕಿ ಮೂಡಿದವು.
ಟೊಪ್ಪಿ ತಲೆಗೆ ಹೋಯಿತು.

ಹೊಸ ಡಿಸ್ಕಿಗೆ ನಕಲು ಇಳಿಯುವಾಗ ನಾನು ತೂಕಡಿಸಿದೆ.
ಫಜರಿನ ಬಾಂಗಿಗೆ ಎಚ್ಚರವಾದರೆ ಅವರು ಎಣಿಸುತ್ತಿದ್ದಾರೆ,
ತುಟಿ ಅಲುಗಿಸುತ್ತ, ಅರವತ್ತು, ಅರವತ್ತೊಂದು.
ಆಮೇಲೆ ಒಂದು ಖಾಲಿ ಅರ್ಜಿ ತೆರೆದರು.
"ನಿನ್ನ ವಿಸಿಟ್ ಮುಗಿಯುದು ಯಾವತ್ತು?"
ಹದಿನೇಳಕ್ಕೆ.
"ಕಂಪೆನಿ?"
ಇನ್ನೂ ಇಲ್ಲ.
ಟೈಪು ಮಾಡುವ ಎರಡು ಬೆರಳು ಗಾಳಿಯಲ್ಲೇ ನಿಂತವು.
"ಹೆಸರು ಹೇಳು. ಅದೊಂದು ಬರೆದಿಡುವ."

ಎಲ್ಲಿ ಉಳಿಸಲಿ ಎಂದು ಯಂತ್ರ ಕೇಳಿತು.
ಇದಿನಬ್ಬ ಗಡ್ಡ ಕೆರೆದುಕೊಂಡು
ಡೆಸ್ಕ್‌ಟಾಪಿನ ಬಲತುದಿಗೆ ಎಳೆದು ಇಟ್ಟರು,
ಬಾಕಿಯಿಂದ ಪರದೆ ಬಿಡುವಷ್ಟು ದೂರ.