ಕಲಸಿಹೋದ ಕೈ

ಕೂಬರ್ ಪೀಡಿ. ನೆಲದಡಿಯ ಮನೆ, ಒಂದೇ ಬಲ್ಬು.
"ಅಲ್ಲಾಡಬೇಡ ಜ್ಡೆಂಕೊ" ಎಂದು
ನಾನೇ ಗೋಡೆಗೊರಗಿ ಉಸಿರು ಕಟ್ಟಿದ್ದೆ.
ರೋಲಿನಲ್ಲಿ ಉಳಿದದ್ದು ಮೂರೇ ಮೂರು.
ಮುಖ ಬಂತು. ಕೈ ಕಲಸಿಹೋಗಿತ್ತು.
ಮಿಕ್ಕಿದ್ದೆಲ್ಲ ತರಿತರಿ ಕತ್ತಲು,
ಮೊರದಿಂದ ರಾಗಿ ಚೆಲ್ಲಿದ ಹಾಗೆ.

ಈಗ ಅದೇ ಕೋಣೆ. ಹೊಸ ಕ್ಯಾಮೆರಾಗೆ
ನನಗೆ ಕಾಣದ್ದೂ ಕಾಣುತ್ತದೆ:
ಯಂತ್ರ ಕೊರೆದ ಕೆಂಪು ಗೀರು,
ಮೊಳೆಗೆ ನೇತುಬಿದ್ದ ಟೋಪಿ,
ಟೋಪಿಯೊಳಗೆ ಅವನ ಬೆವರು ಬಿಟ್ಟ ಉಪ್ಪಿನ ಗೆರೆ.
ಇನ್ನೂರು ತೆಗೆದೆ;
ಒಂದಕ್ಕೂ ಉಸಿರು ಹಿಡಿಯಬೇಕಾಗಲಿಲ್ಲ.

ಮಗಳು ಯದ್ರಾಂಕಾ ಪರದೆ ನೋಡಿ ತಲೆಯಾಡಿಸಿದಳು.
ಹಳೆಯದನ್ನು ಮಾತ್ರ
ಬಾಗಿಲ ಬಿಸಿಲಿಗೆ ಒಯ್ದಳು.
"ಆಗಲೇ ನಡುಗುತ್ತಿತ್ತಾ, ಕೈ?"
"ಇಲ್ಲ, ಕಲ್ಲು ಉಜ್ಜುತ್ತಿದ್ದ" ಎಂದೆ.
ಶಟರ್ ನಿಧಾನವಿತ್ತು ಎಂದೂ ಸೇರಿಸಿದೆ.