ಹತ್ತಡಿ, ಹನ್ನೊಂದಡಿ

ಅಂಗಡಿಯ ಹುಡುಗ ಎರಡು ಸಲ ಕೇಳಿದ:
ಕಪ್ಪೇನಾ? ಪೂರ್ತಿ ಗೋಡೆಗಾ?
ಹೂಂ ಕಣಪ್ಪ, ಕಪ್ಪೇ.
ನೀಲಿಯ ಕಡೆ ವಾಲುವುದಲ್ಲ, ಕಂದಿನ ಕಡೆಯದೂ ಬೇಡ,
ಹಳೇ ಕೆಟಲಿನ ತಳದಂಥದು.
ಜೊತೆಗೊಂದು ಸಣ್ಣ ಡಬ್ಬಿ ಬೆಳ್ಳಿಬಣ್ಣ.
ಅವನ ಹುಬ್ಬಿಗೊಂದು ಪುಟ್ಟ ಉಂಗುರ;
ಅದನ್ನೇ ತೋರಿಸಿದೆ, ಇಂಥದು ಕೊಡು ಅಂತ.

ಫೋನಿನಲ್ಲಿ ಮಗಳು ಗ್ವೆಂಡಾ:
ಅಮ್ಮಾ, ಹತ್ತಡಿ ಹನ್ನೊಂದಡಿ ಕೋಣೆ,
ಕಪ್ಪು ಬಳಿದರೆ ಬೆಂಕಿಪೊಟ್ಟಣ ಆಗುತ್ತೆ.
ಚಿಕ್ಕ ಕೋಣೆಗೆ ತಿಳಿಬಣ್ಣ, ಎದುರಿಗೊಂದು ಕನ್ನಡಿ,
ಅಷ್ಟು ಸಾಕು, ಅಗಲವಾಗಿ ಕಾಣುತ್ತೆ.
ಕನ್ನಡಿ ಬೇಡವೇ ಬೇಡ ಅಂದೆ.
ಯಾಕೆಂದು ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ.

ಕಪ್ಪೂ ಬೆಳ್ಳಿಯೂ ನನಗೆ ಹೊಸದೇನಲ್ಲ.
ಹದಿನೈದಕ್ಕೇ ಶೆಫೀಲ್ಡಿನ ಪಾಲಿಶ್ ಕಾರ್ಖಾನೆ ಸೇರಿದವಳು:
ತಲೆಗೆ ಕೆಂಪು ಬಟ್ಟೆ, ಮೈಗೆ ಸುತ್ತಿದ ಕಂದು ಕಾಗದ,
ಗಿರಗಿರ ತೊಗಲಿನ ಚಕ್ರ, ಎಣ್ಣೆ, ಮರಳು.
ಚಮಚ ಬೆಳ್ಳಗಾದಷ್ಟೂ ಮುಖ ಕಪ್ಪು.
ಸಂಜೆ ಬಸ್ಸಿನಲ್ಲಿ ನಮ್ಮ ಪಕ್ಕ ಯಾರೂ ಕೂರರು.
ಕೂತವನೊಬ್ಬನೇ, ವಿಲ್ಫ್.
'ಹಲ್ಲು ಮಾತ್ರ ಕಾಣ್ತಿದೆ ನಿಂದು' ಅಂದ.
ಅದೇ ಮೊದಲ ಮಾತು. ಕಾಲು ತುಳಿದೆ.

ಮೇಲಿನ ಮಹಡಿಯ ಮುತನ್ನಾ ಏಣಿ ತಂದ.
ಅವನ ಅಪ್ಪ ಏಡನ್ನಿನಿಂದ ಬಂದು
ಈ ಊರಿನ ಕುಲುಮೆಯ ಬಾಯಲ್ಲಿ ಬೆಂದವನು.
ಸೋಫಾ ಎತ್ತಿ ಆಚೆಗಿಟ್ಟು, ಸುಧಾರಿಸಿಕೊಂಡು, ಹೇಳಿದ:
ಅಮ್ಮ ತನ್ನ ಬೆಳ್ಳಿಯನ್ನೆಲ್ಲ ಕರೀ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು.
ಆಮೇಲೆ ಏನೋ ಹೇಳುವವನಿದ್ದ,
ಹೇಳದೆ ಚಹಾಕ್ಕೆ ಮೂರನೇ ಚಮಚ ಸಕ್ಕರೆ ಹಾಕಿಕೊಂಡ.

ಮೊದಲ ಕೋಟಿಗೆ ಅಳು ಬಂತು.
ಐದೈದು ವರ್ಷಕ್ಕೊಮ್ಮೆ ವಿಲ್ಫ್ ಬಳಿದ ಕೆನೆಬಣ್ಣ
ಒಳಗಿನಿಂದ ಇಣುಕಿ, ಗೋಡೆಯೆಲ್ಲ ಹುಳುಕು ಹಲ್ಲು.
ಎರಡನೆಯದು ಪರವಾಗಿಲ್ಲ.
ಮೂರನೆಯದಕ್ಕೆ ಗೋಡೆಯೇ ಇಲ್ಲ;
ಮೂಲೆಗಳು ಎದ್ದು ಎಲ್ಲೋ ಹೊರಟುಹೋದವು.
ಅಗಲ ಬೇಕಿತ್ತಲ್ಲ ಗ್ವೆಂಡಾ, ನೋಡು.

ಆಮೇಲೆ ಬೆಳ್ಳಿ.
ಎಲ್ಲೆಲ್ಲಿಗೆ ಎಂದು ಆರು ತಿಂಗಳಿಂದ ನೋಡಿಟ್ಟಿದ್ದೆ,
ಅವನ ಕೈ ತಡವರಿಸುವ ಜಾಗಗಳನ್ನು:
ಬಾಗಿಲ ಚೌಕಟ್ಟಿಗೊಂದು ಗೆರೆ, ಸ್ವಿಚ್ಚಿನ ಸುತ್ತ ಇನ್ನೊಂದು,
ಮೇಜಿನ ಅಂಚಿಗೆ ದಪ್ಪಗೆ,
ಆ ಮೇಜು ಅವನ ಮೊಣಕಾಲಿನ ಹಗೆ.
ನಟ್ಟನಡುವೆ ಮಂಜು ಕೂತ ಕಣ್ಣು ಅವನದು,
ಅಂಚು ಮಾತ್ರ ಉಳಿದಿದೆ.
ಕೆನೆ ಗೋಡೆ, ಕೆನೆ ಬಾಗಿಲು, ಕೆನೆ ಪಿಂಗಾಣಿ,
ಎಲ್ಲ ಕಲಸಿದ ಗಂಜಿ ಅವನಿಗೆ.
ಹಜಾರದ ಕನ್ನಡಿಗೆ ಒಮ್ಮೆ
'ಯಾರು? ಬನ್ನಿ, ಒಳಗೆ ಬನ್ನಿ' ಎಂದು ದಾರಿ ಬಿಟ್ಟು ನಿಂತಿದ್ದ.
ಅದೀಗ ಮಂಚದಡಿ ಇದೆ, ಮುಖ ಕೆಳಗೆ.

ಶನಿವಾರ ಗ್ವೆಂಡಾ ಬಂದಳು.
'ಹೋಟೆಲಿನ ಬಾರ್ ಥರ ಇದೆ' ಅಂದಳು.
ಅಷ್ಟರಲ್ಲಿ ಕತ್ತಲಾಯಿತೆಂದು ಅವಳಪ್ಪ ಎದ್ದ,
ಗೋಡೆ ಸವರದೆ, ಕುರ್ಚಿ ಹಿಡಿಯದೆ,
ನೇರ ಹೋಗಿ ದೀಪ ಹಾಕಿದ.
ಅವಳು ಕೋಟು ಬಿಚ್ಚದೆಯೇ ಕೂತಳು.

ನನ್ನ ಕುರ್ಚಿಯನ್ನು ಕಪ್ಪಿಗೆ ಒತ್ತಿ ಹಾಕಿದ್ದೇನೆ.
ತಲೆ ನೆರೆತದ್ದು ಈಗ ಕೆಲಸಕ್ಕೆ ಬಂತು.
ಎಲ್ಲಿದ್ದೀ ಎಂದು ಕೇಳುವುದಿಲ್ಲ ಅವನು,
ಚಹಾ ಚಾಚುತ್ತಾನೆ ನನ್ನತ್ತಲೇ,
ಅರ್ಧ ತಟ್ಟೆಗೆ ಚೆಲ್ಲಿ.

ನಿನ್ನೆ ರಾತ್ರಿ ಚೌಕಟ್ಟಿನ ಗೆರೆಗುಂಟ ಬೆರಳಾಡಿಸುತ್ತ
ಮೊಣಕೈ ಎತ್ತರದಲ್ಲಿ ನಿಂತ.
'ಈನಿಡ್, ಇಲ್ಲೊಂದು ಹನಿ ಇಳಿದು ಒಣಗಿದೆ.
ಕೆರೆದು ಮತ್ತೆ ಬಳಿ.'
ಆಗಲಿ ಅಂದೆ.
ಕೆರೆಯುವುದಿಲ್ಲ.
ಅಲ್ಲಿಂದ ಸ್ವಿಚ್ಚಿಗೆ ಸರಿಯಾಗಿ ಎರಡು ಗೇಣು.